ಮೂವತ್ತೆಂಟು ಸೆಕೆಂಡಿನ ಚಹಾ

ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷದಿಂದ ಅವಳದು ಒಂದೇ ಕೆಲಸ. ಬುಡದಲ್ಲಿ ತೂತಿರುವ ಲೋಹದ ಲೋಟಕ್ಕೆ ಬಣ್ಣ ತುಂಬಿ, ತೂತು ಮುಚ್ಚಿದ ಬೆರಳು ತೆಗೆದು, ಧಾರೆ ತುಂಡಾಗಲು ಎಷ್ಟು ಸೆಕೆಂಡು ಹಿಡಿಯಿತೆಂದು ಬರೆಯುವುದು. ಮಂದವಾದ ಬಣ್ಣ ನಿಧಾನಕ್ಕೆ ಇಳಿಯುತ್ತದೆ, ತೆಳುವಾದದ್ದು ಓಡುತ್ತದೆ. ಬಿಸಿ ತಾಗಿದರೆ ಮಂದವಾದದ್ದೂ ತೆಳುವಾಗಿ ಓಡುತ್ತದೆ. ಹಾಗಾಗಿ ಮೊದಲು ಥರ್ಮಾಮೀಟರ್, ಆಮೇಲೆ ಗಡಿಯಾರ. ಹೊಸಬರು ಡಿಗ್ರಿ ಬರೆಯದೆ ಚೀಟಿ ತಂದರೆ ಅವರ ಏಳು ಜನ್ಮದ ನೀರಿಳಿಸುತ್ತಿದ್ದಳು. ಬೆನ್ನ ಹಿಂದೆ ಎಲ್ಲರೂ ಅವಳನ್ನು ಥರ್ಮಾಮೀಟರಕ್ಕ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು.

ಗಂಡ ಬಸ್ ಡ್ರೈವರ್. ಬುಡ ತೂತಾದ ಲೋಟ ಹಿಡಿದುಕೊಂಡು ಸಂಬಳ ಎಣಿಸುವವಳು ಪ್ರಪಂಚದಲ್ಲಿ ನೀನೊಬ್ಬಳೇ ಎಂದು ಕಾಲೆಳೆಯುತ್ತಿದ್ದ. ಅಂಥವನಿಗೆ ಲಕ್ವ ಹೊಡೆದು ಗಂಟಲು ಸೋತಿತು. ನೀರಿನಷ್ಟು ತೆಳುವಾದದ್ದು ಒಂದು ಗುಟುಕು ಹೋದರೂ ಶ್ವಾಸಕೋಶಕ್ಕೆ ಇಳಿಯುತ್ತದೆ, ಏನೇ ಕುಡಿಸಿದರೂ ಈ ಪುಡಿ ಕಲಸಿ ಮಂದ ಮಾಡಿ ಕೊಡಿ ಎಂದರು ಡಾಕ್ಟರು. ಎಷ್ಟು ಮಂದ ಎಂದು ಇವಳು ಕೇಳಿದರೆ ಚಮಚ ಎತ್ತಿ ತೋರಿಸಿದರು. ಚಮಚದ ಲೆಕ್ಕ ಅವಳಿಗೆಲ್ಲಿ ಹಿಡಿಸಬೇಕು? ಲ್ಯಾಬಿನ ಹಳೇ ಲೋಟವೊಂದನ್ನು ಕೇಳಿ ಮನೆಗೆ ತಂದಳು. ಆಸ್ಪತ್ರೆಯವರು ಕಲಸಿಕೊಟ್ಟದ್ದು ಮೂವತ್ತೆಂಟು ಸೆಕೆಂಡಿಗೆ ಇಳಿಯಿತು. ಅಂದಿನಿಂದ ಮನೆಯಲ್ಲಿ ಮೂವತ್ತೆಂಟೇ ವೇದವಾಕ್ಯ. ಚಹಾ ಆರಿಸಿ, ಪುಡಿ ಕಲಸಿ, ಅಳೆದು, ಆಮೇಲೆ ಅವನ ತುಟಿಗೆ. ನಾಲ್ಕು ತಿಂಗಳು ಅವನು ಒಂದು ಸಲವೂ ಕೆಮ್ಮಲಿಲ್ಲ.

ಆ ಬೆಳಿಗ್ಗೆ ಚಹಾ ಅಳೆದಾಗಿತ್ತು. ಅವನು ಅವಳ ಸೆರಗು ಹಿಡಿದ.

"ಒಂದೇ ಒಂದ್ಸಲ ಬಿಸಿ ಮಾಡ್ಕೊಡೇ. ಈ ತಣ್ಣಗಿರೋದು ಕುಡಿದು ಕುಡಿದು ಬದುಕಿದೀನಿ ಅಂತಾನೇ ಅನ್ನಿಸ್ತಿಲ್ಲ."

ಲ್ಯಾಬಿನಲ್ಲಾಗಿದ್ದರೆ ಕೈ ತಾನಾಗಿಯೇ ಥರ್ಮಾಮೀಟರಿಗೆ ಹೋಗುತ್ತಿತ್ತು. ಇದು ಅಡುಗೆಮನೆ, ಎದುರಿಗಿದ್ದವನು ಗಂಡ. ಅಳೆದದ್ದೇ ತಾನೇ ಎಂದುಕೊಂಡು ಅದನ್ನೇ ಒಲೆಯ ಮೇಲಿಟ್ಟಳು. ಅತ್ತೆ ಬಾಗಿಲ ಬಳಿ ಕೂತು ಬಟ್ಟೆ ಮಡಚುತ್ತಿದ್ದರು. ಅವನು ಕಣ್ಣು ಮುಚ್ಚಿ ಮೂರು ಗುಟುಕು ಕುಡಿದ, ಆಹಾ ಎಂದ. ನಾಲ್ಕನೆಯದಕ್ಕೆ ಕೆಮ್ಮು ಹತ್ತಿತು. ಎಲ್ಲಿ ತಪ್ಪಿದೆನೆಂದು ಆ ಮೊದಲ ಕೆಮ್ಮಿಗೇ ಅವಳಿಗೆ ಗೊತ್ತಾಯಿತು.

ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದ. ಹತ್ತನೆಯ ದಿನ ಇರಲಿಲ್ಲ.

ಇಂಥ ರೋಗಿಗಳಿಗೆ ಹೀಗಾಗುವುದುಂಟು ಎಂದರು ಡಾಕ್ಟರು. ಬಂದವರೆಲ್ಲ ನಿನ್ನಂತೆ ನೋಡಿಕೊಂಡವರಿಲ್ಲ ಎಂದು ಹೊಗಳಿದರು. ಒಂದೊಂದು ಹೊಗಳಿಕೆಯೂ ಅವಳನ್ನು ಚುಚ್ಚಿತು. ಒಂದು ತಿಂಗಳು ತಡೆದಳು. ಅತ್ತೆಯ ಮುಖ ನೋಡಿ ಊಟ ಮಾಡಲಾಗದೆ, ಕೊನೆಗೊಂದು ಮಧ್ಯಾಹ್ನ ತಟ್ಟೆ ಸರಿಸಿ ಹೇಳಿಯೇಬಿಟ್ಟಳು.

"ಅತ್ತೆ, ನಿಮ್ಮ ಮಗನ್ನ ಕೊಂದಿದ್ದು ನಾನೇ. ಬಿಸಿ ಮಾಡಿದ್ರೆ ತೆಳ್ಳಗಾಗುತ್ತೆ. ಅದು ಗೊತ್ತಿದ್ದೂ ಮತ್ತೆ ಅಳೀಲಿಲ್ಲ."

ಮನೆಯಿಂದಾಚೆ ಹೋಗು ಎಂದಿದ್ದರೆ ಅವಳು ಹೋಗುತ್ತಿದ್ದಳು. ಅತ್ತೆ ಅವಳು ಸರಿಸಿದ ತಟ್ಟೆಯನ್ನು ಮತ್ತೆ ಅವಳ ಮುಂದಿಟ್ಟರು.

"ನಂಗೂ ಗೊತ್ತಿತ್ತು ಕಣೇ," ಎಂದರು. "ಆರಿದ ಗಂಜಿ ಬಿಸಿ ಮಾಡಿದ್ರೆ ನೀರಾಗುತ್ತೆ. ಅಷ್ಟು ಗೊತ್ತಿಲ್ದೇ ಇಷ್ಟು ವರ್ಷ ಅಡುಗೆ ಮಾಡಿದ್ನಾ? ನೀನು ಒಲೆ ಮೇಲಿಟ್ಟಾಗ ಬೇಡ ಅನ್ನೋಕೆ ಬಾಯಿವರೆಗೂ ಬಂತು. ಓದಿದೋಳು, ಅಳತೆ ಮಾಡೋಳು, ಇವಳಿಗೆ ಗೊತ್ತಿಲ್ದೇ ಇರುತ್ತಾ ಅಂತ ಸುಮ್ಮನಾದೆ. ಆವತ್ತಿಂದ ನಿಂಗೆ ಹೇಗೆ ಹೇಳ್ಲಿ ಅಂತ ಒದ್ದಾಡ್ತಿದೀನಿ."