೨೧೪ನೇ ಪದಕದ ಅಳತೆ

ಒಂದು ಮಿಲಿಮೀಟರಿನ ಹತ್ತರಲ್ಲಿ ಎಂಟು ಪಾಲು ಎಂಬುದು ಸಾಮಾನ್ಯ ಸಂಗತಿಯಲ್ಲ. ನಮ್ಮ ಗಣಿಯೂರು ಕ್ರೆಮ್ನಿತ್ಸಾದಲ್ಲಿ ಸರ್ಕಾರಗಳು ಬಂದು ಹೋಗಿವೆ, ಗಡಿಗಳು ಜರುಗಿವೆ, ನಾಣ್ಯದ ಮೇಲಿನ ತಲೆಗಳು ಬದಲಾಗಿವೆ. ಇವ್ಯಾವುದಕ್ಕೂ ನಮ್ಮ ಶನಿವಾರದ ಪದಕ ಕೂಟದ ಅಧ್ಯಕ್ಷರು ಸಭೆ ತಪ್ಪಿಸಿದವರಲ್ಲ. ಆ ಎಂಟು ಪಾಲಿಗಾಗಿ ತಪ್ಪಿಸಿದರು.

ಅಧ್ಯಕ್ಷರೆಂದರೆ ಆರ್ಪಾದ್ ಜೆಲೆನಾಯ್. ಭೂಗೋಳದ ಮೇಷ್ಟ್ರಾಗಿ ನಿವೃತ್ತರಾದವರು, ವಯಸ್ಸು ಎಪ್ಪತ್ತೆಂಟು. ಸಂತ ಮಾರ್ಗಿತಾ ಗಣಿಯಲ್ಲಿ ತುಂಬಿದ್ದ ನೀರನ್ನು ಹೊರಹಾಕಿದ್ದರ ನೆನಪಿಗೆಂದು ೧೭೪೮ರಲ್ಲಿ ಅಚ್ಚೊತ್ತಿದ ಕಂಚಿನ ಪದಕ ಅವರ ಬಳಿ ಇದೆ. ಅದಕ್ಕಾಗಿ ಅವರು ೧೯೭೪ರಲ್ಲಿ ತಮ್ಮ ಜಾವಾ ಮೋಟಾರ್ ಸೈಕಲ್ ಕೊಟ್ಟರು. ಅವತ್ತಿನಿಂದ ನಡೆದೇ ಓಡಾಡುತ್ತಾರೆ. ಬ್ರಾತಿಸ್ಲಾವಾದ ಡಾಕ್ಟರ್ ಷ್ಟ್ರಬಾ ಸಿದ್ಧಪಡಿಸಿದ ಗಣಿಸೀಮೆಯ ಪದಕಗಳ ಸೂಚಿಯಲ್ಲಿ ಅದರ ವಿವರ ಹೀಗಿದೆ: '೨೧೪. ವ್ಯಾಸ ೪೯.೨ ಮಿ.ಮೀ. ಒಂದೇ ಪ್ರತಿ ಗೊತ್ತಿದೆ. ಆ. ಜೆಲೆನಾಯ್ ಸಂಗ್ರಹ.'

ಈ ಕೊನೆಯ ಮೂರು ಮಾತಿನ ಮೇಲೆ ಮೇಷ್ಟ್ರ ಬಾಳು ನಿಂತಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ. ಹೆಂಡತಿ ತೀರಿಕೊಂಡಾಗ ನಮ್ಮಲ್ಲಿನ ಪದ್ಧತಿಯಂತೆ ಗೋರಿಕಲ್ಲಿನ ಮೇಲೆ ತಮ್ಮ ಹೆಸರನ್ನೂ ಕೆತ್ತಿಸಿ, ಹುಟ್ಟಿದ ವರ್ಷದ ಮುಂದೆ ಜಾಗ ಬಿಡಿಸಿದರು. ಕೆಳಗೆ '೨೧೪' ಎಂದು ಹಾಕಿಸಿದರು. ಅದು ಗೋರಿಯ ಸಂಖ್ಯೆಯೆಂದು ತಿಳಿದ ಸ್ಮಶಾನದ ಕಚೇರಿ, ಸರಿಯಾದ ಸಂಖ್ಯೆ ೮೭ ಎಂದು ಎರಡು ಸಲ ಪತ್ರ ಬರೆದಿದೆ.

ನವೆಂಬರಿನ ಒಂದು ಶನಿವಾರ ಜೆಲ್ಮೀರಾ ಕುಬೋವಿಚೋವಾ ಕೂಟಕ್ಕೆ ಬಂದರು. ದನದ ಡಾಕ್ಟರು, ಕೂಟಕ್ಕೆ ಸೇರಿ ಒಂದು ವರ್ಷ. ಯಾವುದೋ ಹಳ್ಳಿಯ ಮುದುಕಿಯ ಹಸು ಕರು ಹಾಕಲಾರದೆ ಒದ್ದಾಡುವಾಗ ಕಾಪಾಡಿದ್ದಕ್ಕೆ ಆಕೆ ಗುಂಡಿಗಳ ಡಬ್ಬಿಯಿಂದ ಒಂದು ಪದಕ ತೆಗೆದುಕೊಟ್ಟಿದ್ದಳಂತೆ. ಮೇಜಿನ ಮೇಲಿಟ್ಟರು. ಅದೇ ಗಣಿ, ಅದೇ ನೀರು, ಅದೇ ೧೭೪೮.

ಯಾರೂ ಬಿಯರ್ ಲೋಟ ಎತ್ತಲಿಲ್ಲ. ಮೇಷ್ಟ್ರು ಜೇಬಿನಿಂದ ಅಳತೆಯ ಇಕ್ಕಳ ತೆಗೆದು ಮೂರು ಸಲ ಅಳೆದರು. ಮೂರು ಸಲವೂ ಐವತ್ತು. ಸೂಚಿ ತೆರೆದು ಬೆರಳಿಟ್ಟು ತೋರಿಸಿದರು.

"ಡಾಕ್ಟ್ರಮ್ಮ, ಬೇಜಾರು ಮಾಡ್ಕೋಬೇಡಿ. ಪುಸ್ತಕಕ್ಕೂ ಇದಕ್ಕೂ ತಾಳೆ ಆಗ್ತಿಲ್ಲ. ನಕಲು."

ಕುದುರೆ ಇರುವ ಪದಕಗಳನ್ನು ಮಾತ್ರ ಕೂಡಿಡುವ ಕಸಾಯಿ ಇಮ್ರಿಖ್, "ಹಸು ನಿಮಗೆ ಟೋಪಿ ಹಾಕ್ತು ಬಿಡಿ," ಎಂದ. ಎಲ್ಲರ ಲೋಟಗಳೂ ಮೇಲೆದ್ದವು. ಡಾಕ್ಟ್ರಮ್ಮನೂ ನಕ್ಕರು.

"ಹೋಗ್ಲಿ, ಒಂದು ತೂತು ಹಾಕಿ ನಮ್ಮ ಬೋದ್ರಿ ಕೊರಳಿಗೆ ಕಟ್ತೀನಿ. ನಾಯಿ ಅಳತೆ ಕೇಳಲ್ಲ."

ಮೇಷ್ಟ್ರು ಕೋಟೆಯ ಮೆಟ್ಟಿಲು ಹತ್ತಿ ಮನೆಯ ಕಡೆ ಹೊರಟರು. ಅರ್ಧ ದಾರಿಯಲ್ಲಿ ನಿಂತರು. ಪದಕದ ನಕಲು ಮಾಡುವುದು ಹೇಗೆಂದು ಹತ್ತು ವರ್ಷ ಕೂಟದಲ್ಲಿ ಪಾಠ ಹೇಳಿದವರು ಅವರೇ. ಅಸಲಿಯನ್ನು ಮಣ್ಣಿಗೊತ್ತಿ ಅಚ್ಚು ತೆಗೆಯುತ್ತಾರೆ, ಕಾದ ಕಂಚು ಸುರಿಯುತ್ತಾರೆ, ಕಂಚು ಆರುವಾಗ ಕುಗ್ಗುತ್ತದೆ. ಹಾಗಾಗಿ ನಕಲು ಯಾವಾಗಲೂ ಅಸಲಿಗಿಂತ ಕೂದಲೆಳೆ ಚಿಕ್ಕದು. ದೊಡ್ಡದಾಗುವ ದಾರಿಯೇ ಇಲ್ಲ.

ಇನ್ನು ಸೂಚಿಯ ೪೯.೨. ಅದನ್ನು ಷ್ಟ್ರಬಾ ಎಲ್ಲಿಂದ ಅಳೆದದ್ದು? ಮೇಷ್ಟ್ರ ಪದಕದಿಂದಲೇ. ಅದು ಕೂಟದ ಎಲ್ಲರಿಗೂ ಗೊತ್ತು. ಎರಡನ್ನೂ ಕೂಡಿಸಿ ನೋಡುವುದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಪುಸ್ತಕದಲ್ಲಿ ಅಚ್ಚಾದದ್ದರ ಮೇಲೆ ನಮಗೆ ಅಷ್ಟು ಗೌರವ.

ಮನೆಗೆ ಹೋಗಿ ತಮ್ಮ ಪದಕ ತೆಗೆದು ನೋಡಿದರು. ಅಕ್ಷರಗಳು ನೆಕ್ಕಿದ ಕಲ್ಲುಸಕ್ಕರೆಯಂತೆ ನುಣ್ಣಗಿದ್ದವು. ಗಣಿಯವರು ಜೇಬಿನಲ್ಲಿಟ್ಟು ಸವೆಸಿದ್ದು ಎಂದು ಐವತ್ತು ವರ್ಷ ಹೇಳಿಕೊಂಡು ಬಂದಿದ್ದರು. ಡಾಕ್ಟ್ರಮ್ಮನ ಪದಕದ ಅಕ್ಷರಗಳು ಬೆರಳಿಗೆ ಚುಚ್ಚಿದ್ದವು.

ಅವರು ನೆಮ್ಮದಿಯಾಗಿ ಕೂತದ್ದು ಅವತ್ತೇ ಕೊನೆ. ಷ್ಟ್ರಬಾರ ಪತ್ರ ಮೇಜಿನ ಮೇಲಿತ್ತು: ಸೂಚಿಯ ಮೂರನೇ ಮುದ್ರಣ ಅಚ್ಚಿಗೆ ಹೋಗುತ್ತಿದೆ, ತಿದ್ದುಪಡಿ ಇದ್ದರೆ ತಿಂಗಳ ಕೊನೆಯೊಳಗೆ ತಿಳಿಸಿ, ಇಲ್ಲದಿದ್ದರೆ ಒಂದು ಕಾರ್ಡು ಸಾಕು. ಮೇಷ್ಟ್ರು 'ಬದಲಾವಣೆ ಇಲ್ಲ' ಎಂದು ಕಾರ್ಡು ಬರೆದರು, ಅಂಚೆಚೀಟಿ ಹಚ್ಚಿದರು. ಭಾನುವಾರ ಅಂಚೆ ಡಬ್ಬಿಯವರೆಗೆ ಹೋಗಿ ವಾಪಸು ತಂದರು. ಸೋಮವಾರ ಮತ್ತೆ ಹೋಗಿ ಮತ್ತೆ ತಂದರು. ಮಂಗಳವಾರ ಡಬ್ಬಿಯ ಬಾಯಿಯೊಳಗೆ ಅರ್ಧ ತೂರಿಸಿ ಎಳೆದುಕೊಂಡರಂತೆ. ಎದುರಿನ ಬೇಕರಿಯವಳು ನೋಡಿ ಊರಿಗೆಲ್ಲ ಹೇಳಿದಳು.

ಡಾಕ್ಟ್ರಮ್ಮನಿಗೆ ಫೋನ್ ಮಾಡತೊಡಗಿದರು. ತೂತು ಹಾಕಿದಿರಾ? ಇಲ್ಲ, ಡ್ರಿಲ್ ಪಕ್ಕದ ಮನೆಯವರ ಹತ್ತಿರ ಇದೆ. ಮರುದಿನ ಮತ್ತೆ. ಪಕ್ಕದ ಮನೆಯವರು ಸ್ವೋಲೆನ್‌ಗೆ ಹೋಗಿದ್ದಾರೆ. ತೂತು ಬಿತ್ತೆಂದರೆ ಆ ಪದಕ ನಾಯಿಯ ಪಾಲು, ಇನ್ನಾರೂ ಅಳೆಯುವುದಿಲ್ಲ, ೪೯.೨ ಉಳಿಯುತ್ತದೆ, ಗೋರಿಕಲ್ಲಿನ ಸಂಖ್ಯೆಯೂ ಉಳಿಯುತ್ತದೆ. ತಾವೇನೂ ಮಾಡಬೇಕಾಗಿಯೇ ಇಲ್ಲ. ಈ ಅನುಕೂಲವೇ ಅವರಿಗೆ ಊಟ ಸೇರದಂತೆ ಮಾಡಿತು.

ಮುಂದಿನ ಶನಿವಾರ ಬೆಳಗ್ಗೆ ಫೋನಿನಲ್ಲಿ ಡಾಕ್ಟ್ರಮ್ಮ, ಡ್ರಿಲ್ ಬಂತು, ಚಾರ್ಜಿಗೆ ಹಾಕಿದೀನಿ ಎಂದರು. ಮೇಷ್ಟ್ರು ಕೋಟು ಹಾಕಿಕೊಂಡು ಗುಡ್ಡದ ಮೇಲಿನ ಅವರ ಮನೆಗೆ ಹೊರಟರು. ಕೂಟ ಸೇರುವ ಹೊತ್ತಿಗೆ ಏದುಸಿರು ಬಿಡುತ್ತ ಅವರ ಅಡುಗೆಮನೆಯಲ್ಲಿ ನಿಂತಿದ್ದರು. ಒಲೆಯ ಮೇಲೆ ಹುಳಿ ಎಲೆಕೋಸಿನ ಸಾರು ಕುದಿಯುತ್ತಿತ್ತು. ಮೇಜಿನ ಮೇಲೆ ಹಲಗೆ, ಹಲಗೆಯ ಮೇಲೆ ಪದಕ. ನಾಯಿ ಬೂಟು ಮೂಸಿತು.

"ಯಾಕೆ ಮೇಷ್ಟ್ರೇ, ತೂತು ಹಾಕೋದು ನೋಡೋಕೆ ಬಂದ್ರಾ?"

"ಹಾಕ್ಬೇಡಿ. ನಿಮ್ದು ಅಸಲಿ."

"ಪುಸ್ತಕ?"

"ಪುಸ್ತಕ ತಪ್ಪು."

ಡಾಕ್ಟ್ರಮ್ಮ ಡ್ರಿಲ್ ಕೆಳಗಿಟ್ಟರು.

"ಹಾಗಾದ್ರೆ ನಿಮ್ದು?"

"ಎರಕ. ಇಂಥದ್ದೊಂದರ ಮೇಲಿಂದಲೇ ಅಚ್ಚು ತೆಗೆದಿದಾರೆ."

ಆಕೆ ಒಂದು ತಟ್ಟೆ ಹೆಚ್ಚಿಗೆ ಇಟ್ಟು ಸಾರು ಬಡಿಸಿದರು. ನಾಯಿಗೆ ಪದಕ ಕೊಡುತ್ತೇನೆಂದು ಮಾತು ಕೊಟ್ಟುಬಿಟ್ಟಿದೀನಲ್ಲ, ಈಗ ನಿಮ್ಮದು ಕೊಡ್ತೀರಾ ಎಂದು ತಮಾಷೆ ಮಾಡಿದರು.

"ಅದಕ್ಕೆ ಜಾವಾ ಕೊಟ್ಟಿದೀನಿ ಡಾಕ್ಟ್ರಮ್ಮ," ಎಂದರು ಮೇಷ್ಟ್ರು.

ಊಟ ಮುಗಿಸಿ ಅಲ್ಲೇ ಇಕ್ಕಳ ತೆಗೆದು ಇನ್ನೊಮ್ಮೆ ಅಳೆದರು. ಐವತ್ತೇ. ಆ ಕಾರ್ಡು ಜೇಬಿನಲ್ಲೇ ಇತ್ತು. 'ಬದಲಾವಣೆ ಇಲ್ಲ' ಎಂಬುದರಲ್ಲಿ 'ಇಲ್ಲ'ವನ್ನು ಹೊಡೆದು, ಉಳಿದದ್ದನ್ನು ಸಣ್ಣ ಅಕ್ಷರದಲ್ಲಿ ಬರೆದು, ಇಳಿದು ಹೋಗುವಾಗ ಡಬ್ಬಿಗೆ ಹಾಕಿದರು.

ಮೂರನೇ ಮುದ್ರಣ ಮಾರ್ಚಿನಲ್ಲಿ ಬಂತು. '೨೧೪. ವ್ಯಾಸ ೫೦.೦ ಮಿ.ಮೀ. ಒಂದೇ ಪ್ರತಿ ಗೊತ್ತಿದೆ. ಜೆ. ಕುಬೋವಿಚೋವಾ ಸಂಗ್ರಹ. ಎರಕದ ನಕಲೂ ಇದೆ, ೪೯.೨.' ನಕಲಿಗೆ ಒಡೆಯರ ಹೆಸರು ಹಾಕುವ ಪದ್ಧತಿ ಆ ಪುಸ್ತಕದಲ್ಲಿ ಇಲ್ಲ.