ಭರಮಣ್ಣನ ನಾಲ್ಕು ಸಾಲು

ಶ್ಯಾಮಸುಂದರ ಬಿಸಿಲಿಗೆ ಅಂಗೈ ಅಡ್ಡ ಹಿಡಿದು ಫೋನಿನಲ್ಲಿದ್ದುದನ್ನು ಓದತೊಡಗಿದ. ಶವಾಗಾರದ ಅಂಗಳದ ತಗಡಿನ ನೆರಳಿನಲ್ಲಿ ನಿಂತಿದ್ದ ಕನ್ನಡ ಸಂಘದವರು ಮಾತು ನಿಲ್ಲಿಸಿದರು. ನಡುವೆ, ಮುಚ್ಚಳ ತೆರೆದ ಪೆಟ್ಟಿಗೆಯಲ್ಲಿ ಭರಮಣ್ಣ. ಕೊಲ್ಲಿ ದೇಶದ ಈ ಮೀನಾ ಅಬ್ದುಲ್ಲಾ ಊರಿನಲ್ಲಿ ಇಪ್ಪತ್ತು ವರ್ಷ ವೆಲ್ಡಿಂಗ್ ಮಾಡಿದ ಮನುಷ್ಯ, ಮೊನ್ನೆ ಎದೆನೋವೆಂದು ಕುಳಿತವನು ಏಳಲೇ ಇಲ್ಲ. ಸಂಜೆಯ ವಿಮಾನಕ್ಕೆ ದೇಹ ಊರಿಗೆ ಹೋಗುತ್ತದೆ, ಮಣ್ಣು ಮಾಡುವುದು ಅಲ್ಲಿ. ಇಲ್ಲಿಯವರಿಗೆ ಮುಖ ನೋಡಲು ಸಿಕ್ಕಿದ್ದು ಇದಿಷ್ಟೇ ಹೊತ್ತು.

"ಊಟದ ಡಬ್ಬಿ ಬಾಗಿಲಲ್ಲಿ ಕಾದಿದೆ,
ಅವನಿನ್ನು ಬರುವುದಿಲ್ಲವೆಂದು
ಅದಕ್ಕೆ ಯಾರು ಹೇಳುವರು..."

ಮೋಹಿನಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾಲ್ಕು ವರ್ಷದ ಹಿಂದೆ ಗಂಡ ಕಮಲಾಕ್ಷ ತೀರಿಕೊಂಡ ಮೇಲೂ ಇಲ್ಲೇ ಆಫೀಸಿನ ಕೆಲಸದಲ್ಲಿ ಉಳಿದವಳು ಅವಳು. "ಇದು ಭರಮಣ್ಣನದೇ ಪದ್ಯ. ತಮಗೆ ತಾವೇ ಮೊದಲೇ ಬರೆದಿಟ್ಟಿದ್ರಾ?"

"ಇಲ್ಲ ಮಾರಾಯ್ರೆ, ಬರೆದದ್ದು ಎಐ," ಎಂದ ಶ್ಯಾಮಸುಂದರ. ಸಂಘದ ಕಾರ್ಯದರ್ಶಿಯಾದ ಅವನಿಗೆ ಯಾವ ಕಾರ್ಯಕ್ರಮವೂ ಕವನವಿಲ್ಲದೆ ಆಗಬಾರದು. "ಅವರ ಹಳೆಯ ಪದ್ಯಗಳನ್ನೆಲ್ಲ ಸಂಘದ ಗ್ರೂಪಿನಿಂದ ತೆಗೆದು ಕೊಟ್ಟೆ. ಇವರ ಹಾಗೆಯೇ ಬರಿ ಅಂದೆ. ಕೆಳಗೆ ಯಾರ ಹೆಸರು ಹಾಕುವುದು ಅಂತಲೇ ಗೊತ್ತಾಗಲಿಲ್ಲ. ನನ್ನದು ಹಾಕಿದರೆ ಕದ್ದ ಹಾಗೆ. ಎಐ ಅಂತ ಹಾಕಿದರೆ ಸಾವಿನಲ್ಲಿ ಚಂದ ಕಾಣುವುದಿಲ್ಲ. ಕಡೆಗೆ ಭರಮಣ್ಣ ಅಂತಲೇ ಹಾಕಿದೆ. ಪೆಟ್ಟಿಗೆಗೆ ಅಂಟಿಸ್ಲಿಕ್ಕೆ ಪ್ರಿಂಟೂ ತಂದಿದ್ದೇನೆ."

ಸತ್ತವನ ಹೆಸರಿನಲ್ಲಿ ಸತ್ತವನಿಗೇ ಪದ್ಯ.

ಪೆಟ್ಟಿಗೆಯ ತಲೆಯ ಕಡೆ ಕುಳಿತಿದ್ದ ಭರಮಣ್ಣನ ಹೆಂಡತಿ ಗುರುಸಿದ್ದವ್ವ ಮುಖವೆತ್ತಿದಳು. ಮೊನ್ನೆಯಿಂದ ಅವಳು ಅತ್ತಿರಲಿಲ್ಲ.

"ಅವರು ಡಬ್ಬಿ ಒಯ್ತಿರಲಿಲ್ರಿ. ರೊಟ್ಟಿ ಅರಿವ್ಯಾಗ ಕಟ್ಟಿ ಕೊಡತಿದ್ದೆ."

"ಎಐಗೆ ಅದೆಲ್ಲ ಹೇಗೆ ಗೊತ್ತಾಗಬೇಕು ಅಕ್ಕ?" ಎಂದ ಶ್ಯಾಮಸುಂದರ.

"ಯಾರು ಹೇಳೋರು ಅನ್ನೂ ಮಾತು ನಂದ ಐತ್ರಿ."

ಮೋಹಿನಿ ಅವಳ ಭುಜ ಹಿಡಿದಳು. "ಹೌದಕ್ಕ. ಅವರದ್ದೆಲ್ಲ ನಿಮ್ಮದೇ ಅಲ್ವಾ. ನಮ್ಮವರು ತೀರಿಕೊಂಡಾಗ ಅವರು ಬರೆದದ್ದನ್ನು ನಾನು ಫ್ರೇಮ್ ಹಾಕಿಸಿ ಇಟ್ಟಿದ್ದೇನೆ."

*

ಶುರುವಾದದ್ದು ಆ ಫ್ರೇಮಿನ ಪದ್ಯದಿಂದಲೇ. ಕಮಲಾಕ್ಷ ತೀರಿಕೊಂಡಾಗ, ಹಳೆಯ ರೂಮ್‌ಮೇಟ್ ನೀವು, ಗ್ರೂಪಿಗೆ ಎರಡು ಮಾತು ಹಾಕಿ ಎಂದು ಶ್ಯಾಮಸುಂದರ ಭರಮಣ್ಣನಿಗೆ ಹೇಳಿದ್ದ. ರಿಗ್ಗೈ ಬಡಾವಣೆಯ ತನ್ನ ಫ್ಲಾಟಿನ ಅಡುಗೆಮನೆಯಲ್ಲಿ ಭರಮಣ್ಣ ಫೋನು ಹಿಡಿದು ಕುಳಿತ. ಎರಡು ಮಾತಿರಲಿ, ಒಂದೂ ಹುಟ್ಟಲಿಲ್ಲ.

ಗುರುಸಿದ್ದವ್ವ ರೊಟ್ಟಿ ತಟ್ಟುತ್ತಿದ್ದಳು. ಅವಳ ಊರಿನಲ್ಲಿ ಹೆಣದ ಮುಂದೆ ಹೆಂಗಸರು ಹಾಡಿಕೊಂಡು ಅಳುತ್ತಾರೆ. ಫ್ಲಾಟಿನಲ್ಲಿ ದನಿ ತೆಗೆದರೆ ಪಕ್ಕದ ಮನೆಯವರು ಬಾಗಿಲು ಬಡಿಯುತ್ತಾರೆ. ಅವಳು ಹಿಟ್ಟು ತಟ್ಟುತ್ತಲೇ ಮೆಲ್ಲಗೆ ಅಂದಳು:

"ಊರಿಗಂತ ಕಟ್ಟಿದ ಪೆಟ್ಟಿಗಿ ಮಂಚದ ಬುಡಕ ಕುಂತೈತಿ, ಅದಕ್ಕ ಯಾರು ಹೇಳೋರು..."

"ಏನಂದಿ?" ಭರಮಣ್ಣ ತಲೆಯೆತ್ತಿದ. "ಮುಂದ?"

ಅವಳು ಹೇಳಿದಂತೆ ಅವನು ದಪ್ಪ ಹೆಬ್ಬೆರಳಿನಿಂದ ಒತ್ತುತ್ತಾ ಹೋದ. 'ಹೇಳೋರು' ಎಂಬುದನ್ನು 'ಹೇಳುವರು' ಮಾಡಿದ, ಒಂದು ಮಾತು ಕಿತ್ತ, ಸಾಲು ಮುರಿದ. ಗ್ರೂಪಿನ ತುಂಬ ಕೈಮುಗಿದ ಚಿತ್ರಗಳು ಬಂದವು.

"ನೀ ಅಂದಿದ್ದಂತ ಹೇಳ್ಲಿ?"

"ಬ್ಯಾಡ. ಹೆಣದ ಮುಂದ ಹಾಡಿದಾಕಿ ತನ್ನ ಹೆಸರ ಹೇಳತಾಳೇನ?"

ಆಮೇಲೆ ಪ್ರತಿ ಸಾವಿಗೂ ಹೀಗೇ ನಡೆಯಿತು. ಫೋನು ಅವನದು, ಹೆಸರೂ ಅವನದೇ ಬೀಳುತ್ತಿತ್ತು. ಸಂಘದವರು ಶಾಲು ಹೊದಿಸಿದ ದಿನ ಭರಮಣ್ಣ ಮನೆಗೆ ಬಂದವನೇ ಅದನ್ನು ಅವಳ ಹೆಗಲಿಗೆ ಹಾಕಿದ. ಸ್ವಲ್ಪ ಹೊತ್ತು ನೋಡಿ, ಒಂದು ತುದಿಯನ್ನು ತನ್ನ ಹೆಗಲಿಗೂ ಎಳೆದುಕೊಂಡು ನಕ್ಕ. "ಅರ್ಧ ನಂದೂ ಐತಿ."

*

ಯಾವ ಅರ್ಧ? ಪೆಟ್ಟಿಗೆಯ ಪಕ್ಕ ಕುಳಿತು ಗುರುಸಿದ್ದವ್ವ ಯೋಚಿಸಿ ಯೋಚಿಸಿ ದಣಿದಳು. ಹೇಳೋರು ತನ್ನದು, ಹೇಳುವರು ಅವರದು. ಡಬ್ಬಿ ಇಬ್ಬರದೂ ಅಲ್ಲ. ಆದರೂ ಜನ ಅತ್ತರು. ತಾನೂ ಒಂದು ಗಳಿಗೆ, ಅವರೇ ಅಂದರೇನೋ ಎಂದು ಪೆಟ್ಟಿಗೆಯ ಕಡೆ ತಿರುಗಿದ್ದಳಲ್ಲ.

ಬೆಳಿಗ್ಗೆ ಅವಳಿಗೆ ಅವನ ಮೇಲೂ ಒಂದು ಸಾಲು ಹುಟ್ಟಿತ್ತು. ಅದನ್ನು ಬಾಯಿಬಿಟ್ಟು ಅಂದು, ಅವನು 'ಮುಂದ?' ಎಂದು ಕೇಳಲೆಂದು ರೂಢಿಯಂತೆ ನಿಂತಳು. ಕೇಳುವವರಿರಲಿಲ್ಲ. ಅಳುವೂ ಅಲ್ಲೇ ಕಟ್ಟಿಕೊಂಡು ಕುಳಿತಿತ್ತು. ಈಗ ಆ ಡಬ್ಬಿಯ ಪದ್ಯವೇ ಅವನ ಜೊತೆ ಊರಿಗೆ ಹೋಗುವುದೆಂದರೆ ಅವಳಿಗೆ ಸಹಿಸಲಾಗಲಿಲ್ಲ.

ಶವಾಗಾರದ ಕೆಲಸಗಾರ ಮುಚ್ಚಳ ಎತ್ತಿಕೊಂಡು, ಬೇಗ ಆಗಲಿ ಎಂಬಂತೆ, ಅರಬ್ಬಿಯಲ್ಲಿ "ಯಲ್ಲಾ" ಎಂದ. ಶ್ಯಾಮಸುಂದರ ಪ್ರಿಂಟಿನ ಹಾಳೆ ಬಿಚ್ಚಿದ.

"ತಡೀರಿ," ಎಂದಳು ಗುರುಸಿದ್ದವ್ವ. ಮಗಳ ಕಡೆ ತಿರುಗಿದಳು. "ಕಾಂಚನಾ, ನಿಮ್ಮಪ್ಪನ ಫೋನ್ ತಗಿ. ಮಾತಾಡಿ ಕಳಸೂದು ಐತಲ್ಲ, ಗ್ರೂಪಿಗೆ ಅದನ್ನ ಒತ್ತು."

ಇಲ್ಲೇ ಹುಟ್ಟಿ ಬೆಳೆದ ಕಾಂಚನಾಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಫ್ರಮ್ ಅಪ್ಪಾಸ್ ನಂಬರ್? ಎವ್ರಿಬಡಿ ವಿಲ್ ಬಿ ಕನ್‌ಫ್ಯೂಸ್ಡ್."

"ಆಗಲಿ."

ಕಾಂಚನಾ ಒತ್ತಿ ಹಿಡಿದು ಫೋನನ್ನು ತಾಯಿಯ ಬಾಯಿಗೆ ಒಡ್ಡಿದಳು.

"ಒಗದ ಅರಿವಿ ಹಗ್ಗದ ಮ್ಯಾಲ ಒಣಗೇತಿ, ಇವತ್ತ ಯಾರಿಗೆ ರೊಟ್ಟಿ ಕಟ್ಟಲಿ ನನ್ನ ದೊರಿಯೇ..."

ಅಷ್ಟು ಹಾಡಿ ನಿಂತಳು. ಕಣ್ಣು ಪೆಟ್ಟಿಗೆಯೊಳಗಿನ ಮುಖದ ಮೇಲಿತ್ತು. ಮುಚ್ಚಳ ಹಿಡಿದವನು ಅದನ್ನು ಗೋಡೆಗೆ ಒರಗಿಸಿದ.

"ಮುಂದ, ಅವ್ವ?" ಎಂದಳು ಕಾಂಚನಾ.

ಗುರುಸಿದ್ದವ್ವನ ದನಿ ಒಡೆಯಿತು. ಅಳುತ್ತಲೇ, ಊರಿನಲ್ಲಿ ಹಾಡುವಷ್ಟು ಜೋರಾಗಿ, ಮುಂದಿನದನ್ನು ಹಾಡತೊಡಗಿದಳು.

ಶ್ಯಾಮಸುಂದರ ತನ್ನ ಫೋನು ನೋಡಿದ. ಸಂಘದ ಗ್ರೂಪು ತೆರೆದೇ ಇತ್ತು. ಅದರ ನೆತ್ತಿಯ ಮೇಲೆ ಹಸಿರು ಅಕ್ಷರ ಮೂಡಿತ್ತು: ಭರಮಣ್ಣ ಧ್ವನಿ ರೆಕಾರ್ಡ್ ಮಾಡುತ್ತಿದ್ದಾರೆ. ಅವನು ಪೆಟ್ಟಿಗೆಯನ್ನು ನೋಡಿದ, ಫೋನನ್ನು ನೋಡಿದ, ಮತ್ತೆ ಪೆಟ್ಟಿಗೆಯನ್ನು ನೋಡಿದ. ಇನ್ನೊಂದು ಕೈಯಲ್ಲಿ ಪ್ರಿಂಟಿನ ಹಾಳೆ ಹಾಗೇ ಇತ್ತು.