ತಡಾ ಮಾಡಿ ತಂದಾರ

ಫಿನಾಯಿಲ್ ಎಷ್ಟ ಸುರುವಿದ್ರೂ ರಕ್ತದ ವಾಸನಿ ಮುಚ್ಚೂದಿಲ್ಲ, ಹತ್ತೊಂಬತ್ತು ವರ್ಷ ನರ್ಸ್ ಆಗಿದ್ದಾಕಿಗೆ ಅಷ್ಟರ ಗೊತ್ತಿರತೈತಿ, ಶಾಸಕಿ ಆಗಿ ಮೂರು ವರ್ಷ ಆದ್ರೂ ಮೂಗು ಇನ್ನೂ ನರ್ಸಿಂದs ಐತಿ — ಹೊರಗ ಗೇಟಿನ ಹತ್ರ ಒದರಾಕತ್ತಾರ, ನರ್ಸನ್ನ ಹೊರಗ ಕಳಸ್ರಿ, ನರ್ಸನ್ನ ಹೊರಗ ಕಳಸ್ರಿ — ಮುಂಜಾನಿ ಸವದತ್ತಿಯಿಂದ ರಾಮದುರ್ಗದ ಮೀಟಿಂಗಿಗೆ ಹೊಂಟಿದ್ದೆ, ಅರ್ಧ ದಾರ್ಯಾಗ ಫೋನು, ಬಾಣಂತಿ ಸತ್ತಾಳ್ರಿ, ಗಂಗಾ ಅಂತ, ಇಪ್ಪತ್ಮೂರು ವರ್ಷದಾಕಿ, ಕೂಸು ಉಳದೈತಿ, ಮಂದಿ ದವಾಖಾನಿ ಮುತ್ತ್ಯಾರ, ಗಾಡಿ ತಿರುಗಸು ಅಂದೆ. ಈಗ ಡಾಕ್ಟರನ ಖೋಲ್ಯಾಗ, ಡಾಕ್ಟರನ ಕುರ್ಚಿ ಮ್ಯಾಲ ನಾ ಕುಂತೇನಿ, ಡಾಕ್ಟರ ಇಲ್ಲ, ಮುಂದ ಒಂದು ಕಾಗದ ಐತಿ, ಉಳವಪ್ಪ ಸಾಹುಕಾರ್ರು ಬೈಲಹೊಂಗಲದಿಂದ ಫೋನಿನ್ಯಾಗ ಕಳಿಸಿ ಇಲ್ಲೇ ಪ್ರಿಂಟ್ ತಗಸ್ಯಾರ — ಗರ್ಭಿಣಿಯನ್ನು ತಡವಾಗಿ ಕರೆತಂದಿದ್ದು, ಶುಶ್ರೂಷಕಿ ಪೂನಮ್ ಇವರ ನಿರ್ಲಕ್ಷ್ಯದಿಂದ ಮೃತಪಟ್ಟಿದ್ದು, ಕೂಡಲೇ ಅಮಾನತುಗೊಳಿಸಬೇಕು — ಕೆಳಗ ನನ್ನ ಹೆಸರು, ಶೆಟ್ಟೆವ್ವ, ಶಾಸಕರು, ಸಹಿ ಅಷ್ಟ ಬಾಕಿ. ಡಾಕ್ಟರ ಸಾಹುಕಾರ್ರ ಅಳಿಯ. ನನಗ ಟಿಕೆಟ್ ಕೊಡಿಸಿದವ್ರು ಸಾಹುಕಾರ್ರು. ಕೊರೊನಾದಾಗ ಕಿತ್ತೂರು ಹೈವೇದಾಗ ಪುಣೆ ಕಡಿಂದ ನಡಕೊಂಡು ಬಂದ ಮಂದಿ ಕಾಲಿನ ಗುಳ್ಳಿ ತೊಳದು ಪಟ್ಟಿ ಕಟ್ಟಿದ್ದೆ, ಪೇಪರಿನ್ಯಾಗ ಫೋಟೋ ಬಂತು, ಮರುವಾರ ಸಂಗೊಳ್ಳಿ ನಮ್ಮ ಮನಿ ಮುಂದ ಸಾಹುಕಾರ್ರ ಕಾರು, ಸಿಸ್ಟರ್, ನಿಮ್ಮ ಕೈಗುಣ ಮಂದಿ ಮರಿಯಾಂಗಿಲ್ಲ, ನಿಲ್ರಿ ಎಲೆಕ್ಷನ್ನಿಗೆ, ನಾ ನಿಂತೆ.

ಪೂನಮ್ ಗ್ವಾಡಿಗೆ ಆತು ನಿಂತಾಳ, ಏಪ್ರನ್ ಮ್ಯಾಲಿನ ರಕ್ತ ಒಣಗಿ ಕರ್ರಗಾಗೈತಿ, ಮೇಡಂ, ಹೆರಿಗಿ ಆದಮ್ಯಾಲ ರಕ್ತ ನಿಲ್ಲಲಿಲ್ರಿ, ಇಂಜೆಕ್ಷನ್ ಕೊಟ್ಟೇನ್ರಿ, ಹೊಟ್ಟಿ ಒತ್ತಿ ಹಿಡದಿದ್ದೇನ್ರಿ, ಕೈ ಬಿಡಲಿಲ್ರಿ, ಸರ್ ಅವರಿಗೆ ಆರು ಸಲ ಫೋನ್ ಹಚ್ಚೇನಿ, ನೋಡ್ರಿ, ಅಂತ ಫೋನ್ ಮುಂದ ಹಿಡದಾಳ, ಆರು ಸಲ, ಹೌದು, ಎಂಟೂಹತ್ತಕ್ಕ ಮೊದಲಿನದು, ಒಂಬತ್ತಕ್ಕ ಕಡೀದು, ಡ್ಯೂಟಿ ಪಟ್ಟಿಯಾಗ ಇವತ್ತ ಡಾಕ್ಟರನ ಹೆಸರು, ಡಾಕ್ಟರ ತನ್ನ ಖಾಸಗಿ ಕ್ಲಿನಿಕ್‌ನ್ಯಾಗ. ಗಂಗಾನ ಯಾವಾಗ ಕರಕೊಂಡ ಬಂದ್ರು ಅಂದೆ. ನಸುಕಿನ್ಯಾಗ ಐದಕ್ಕ್ರಿ, ನಡಕೊಂಡ ಒಳಗ ಬಂದ್ಳ್ರಿ, ನಗಕೋತ ಬಂದಿದ್ಳ್ರಿ. ನಡಕೊಂಡು ಬಂದಾಕಿನ ಕಾಗದದಾಗ ತಡಾ ಮಾಡಿ ತಂದಾರ — ಈ ಅಕ್ಷರ ನನಗ ಹೊಸಾವಲ್ಲ, ನಾನs ಬರದಾವು, ನೌಕರಿ ಸೇರಿ ಎರಡನೇ ವರ್ಷ, ಆವತ್ತೂ ಡಾಕ್ಟರ ಇರಲಿಲ್ಲ, ಹೆರಿಗಿಗೆ ಬಂದಿದ್ದ ಮಡಿವಾಳೆಪ್ಪನ ಹೆಂಡತಿ ನನ್ನ ಕೈಯಾಗ ತಣ್ಣಗಾದ್ಳು, ಸಂಜಿಕ ಆ ಡಾಕ್ಟರ ಬಂದು ರಿಜಿಸ್ಟರ್ ನನ್ನ ಮುಂದ ಸರಿಸಿದ, ಬರಿ ತಂಗಿ, ಡಾಕ್ಟರು ನೋಡಿದ್ರು, ಪೇಶಂಟ್ ತಡಾ ಮಾಡಿ ತಂದಾರ, ನಿನ್ನ ನೌಕರಿ ಇನ್ನೂ ಕಾಯಂ ಆಗಿಲ್ಲ, ಬರದೆ, ಸಹಿ ಮಾಡಿದೆ, ಮಡಿವಾಳೆಪ್ಪ ನನಗ ಕೈ ಮುಗದಾ, ನರ್ಸಬಾಯಾರ, ನೀವರ ಇದ್ರಿ. ಹೋದ ವರ್ಷ ಉಗರಗೋಳದಾಗ ಭೆಟ್ಟಿ ಆಗಿದ್ದ, ತೆಂಗಿನಕಾಯಿ ಅಂಗಡಿ ಇಟ್ಟಾನ, ಮತ್ತ ಲಗ್ನ ಆಗಿಲ್ಲ, ನಾನs ತಡಾ ಮಾಡಿದ್ನಿರಿ ಬಾಯಾರ, ಟೆಂಪೋ ಕಾಯ್ಕೋತ ಕುಂತೆ, ನಾನs ಕೊಂದೆ ಆಕಿನ್ನ — ನಾ ಹಾರಾ ಹಾಕಿಸಿಕೊಂಡು ಕಾರು ಹತ್ತಿದೆ.

ಫೋನು, ಸಾಹುಕಾರ್ರು. ಆತೇನ್ರಿ ಸಹಿ? ಮಂದಿ ಸಿಟ್ಟಿಗೆ ಒಂದು ತಲಿ ಬೇಕು ಸಿಸ್ಟರ್, ಆ ಹುಡುಗಿ ಹೋದ್ರ ಆರು ತಿಂಗಳಿಗೆ ತಿರುಗಿ ಬರ್ತಾಳ, ನಿಮಗ ಟಿಕೆಟ್ ತಿರುಗಿ ಬರಾಂಗಿಲ್ಲ. ನಾ ಅಂದೆ ಸಾಹುಕಾರ್ರ, ಆಕಿ ಕೈ ಬಿಟ್ಟಿಲ್ಲ. ಏನಂದ್ರಿ? ಆಕಿ ಕೈ ಬಿಟ್ಟಿಲ್ಲ ಅಂದೆ, ಫೋನ್ ಇಟ್ಟೆ. ಕಾಗದ ಹಂಗs ಟೇಬಲ್ ಮ್ಯಾಲ ಬಿಟ್ಟು ಎದ್ದೆ, ಪೂನಮ್, ನೀ ಒಳಗಿಂದ ಚಿಲಕಾ ಹಾಕ್ಕೊ, ನಾ ಕರದ್ರ ಅಷ್ಟ ತಗಿ.

ಬಿಸಲಿಗೆ ಕಣ್ಣ ಮುಂದ ಕತ್ತಲಿ ಬಂತು. ಮೆಟ್ಟಿಲ ಮ್ಯಾಲ ನಿಂತೆ, ಮೈಕ್ ಇಲ್ಲ, ಒದರಿ ಹೇಳಿದೆ. ನರ್ಸ್ ಕೈ ಬಿಟ್ಟಿಲ್ರಿ, ಡಾಕ್ಟರ ಇರಲಿಲ್ಲ, ಆರು ಸಲ ಫೋನ್ ಮಾಡ್ಯಾಳ, ನೀವೂ ತಡಾ ಮಾಡಿಲ್ಲ, ಕೇಳಿಸ್ಕೋರಿ, ನೀವು ತಡಾ ಮಾಡಿಲ್ಲ. ಗಂಗಾನ ಗಂಡ ಅರ್ಜುನ ಮುಂದ ಬಂದಾ, ಅಕ್ಕಾರ, ನೀವೂ ನರ್ಸs, ನರ್ಸಿನ ಕಡೆ ಮಾತಾಡ್ತೀರಿ, ಹೆಂಗ ನಂಬೂದು? ನಾ ಹೇಳಿಬಿಟ್ಟೆ, ಎಲ್ಲಾರ ಮುಂದ, ಮೊಬೈಲ್ ಎತ್ತಿ ಹಿಡದಾವ್ರ ಮುಂದ, ಮಡಿವಾಳೆಪ್ಪನ ಹೆಂಡತಿ, ರಿಜಿಸ್ಟರ್, ನನ್ನ ಅಕ್ಷರ, ನನ್ನ ಸಹಿ, ನೌಕರಿ ಸಲುವಾಗಿ ಸುಳ್ಳು ಬರದೆ, ನಾಳೆ ಉಗರಗೋಳಕ್ಕ ಹೋಗಿ ಅಂವನ ಮುಂದೂ ಇದನ್ನs ಹೇಳತೇನಿ, ಇವತ್ತ ಮತ್ತ ಬರಿಯಾಂಗಿಲ್ಲ. ಆವಾಗs ಗೇಟಿನಾಗ ಕಾರು ಬಂತು, ಡಾಕ್ಟರ ಇಳದಾ, ಇಸ್ತ್ರಿ ಮಾಡಿದ ಅಂಗಿ, ಮಂದಿ ಒಂದs ಸಲಕ ತಿರುಗಿತು, ಅರ್ಜುನ ಬಗ್ಗಿ ಎದ್ದಾ, ಕೈಯಾಗ ಕಲ್ಲು, ನಾ ಹೇಳಿದ ಖರೇ ಮಾತs ಕಲ್ಲಾತೇನು, ಓಡಿದೆ, ಸೆರಗು ಎಲ್ಲೋ ಸಿಕ್ಕು ಹರಿತು, ಅಂವನ ಮಣಿಕಟ್ಟು ಹಿಡದೆ, ನನ್ನ ಬಟ್ಟು ತಾವs ನಾಡಿ ಮ್ಯಾಲ ಹೋಗಿ ಕುಂತ್ವು, ಓಡಾಕತ್ತಿತ್ತು, ನೂರಾ ನಲವತ್ತು, ನೂರಾ ಐವತ್ತು, ಅರ್ಜುನಾ, ಕೂಸಿಗೆ ಈಗ ನೀ ಒಬ್ಬನs ಅದಿ ತಮ್ಮಾ, ಜೈಲಿಗೆ ಹೋಗಬ್ಯಾಡ, ನಾ ಸಾಕ್ಷಿ ಹೇಳತೇನಿ, ಎಲ್ಲಿ ಬೇಕಾದ್ರೂ ಹೇಳತೇನಿ, ಬಿಡು, ನಾ ಎಣಸಾಕತ್ತೇನಿ, ಅಂವ ನನ್ನನ್ನ ನೋಡವಲ್ಲ, ಅಂವನ ಬಟ್ಟು ಒಂದು ಸಡಲಿತು, ಇನ್ನೊಂದು, ಕಲ್ಲು ನನ್ನ ಪಾದದ ಮ್ಯಾಲ ಬಿತ್ತು, ನೋವ ಆಗಲಿಲ್ಲ, ಅಂಗೈ ತೆರದೈತಿ, ನಡುವ ಕಲ್ಲಿನ ಚೂಪು ಒತ್ತಿದ ಕೆಂಪು ಗುರುತು, ಆ ಗುರುತು, ತೆರದ ಅಂಗೈ, ಆ ಕೆಂಪು ಗುರುತು —